ಋತುಸ್ರಾವ ಮತ್ತು ಶಸ್ತ್ರಕ್ರಿಯೆ: ಪುಣೆಯ ವೈದ್ಯಚರಿತ್ರೆಯ ಒಂದು ಅಧ್ಯಾಯ

ಪುಣೆಯಿಂದ ಸಾತಾರೆಯ ಕಡೆಗೆ ಹೊರಟ ರಸ್ತೆಯು ಕಾತ್ರಜ ಘಟ್ಟವನ್ನು ಏರುವುದಕ್ಕೆ ಮೊದಲು ಹಾದುಹೋಗುವ ಧನಕವಡಿಯು ಒಂದು ಕಾಲಕ್ಕೆ ಹೊಲಗಳ ನಡುವಣ ಹಳ್ಳಿ. ಈಗ ಮಹಾನಗರದ ದಕ್ಷಿಣ ಭಾಗದ ದಟ್ಟವಾದ ಬಡಾವಣೆ. 1964ರಲ್ಲಿ ಸ್ಥಾಪಿತವಾದ ಭಾರತಿ ವಿದ್ಯಾಪೀಠವು ತನ್ನ ವೈದ್ಯಕೀಯ ಮಹಾವಿದ್ಯಾಲಯವನ್ನು 1989ರಲ್ಲಿ ಇಲ್ಲಿ ತೆರೆಯಿತು. ಅದಕ್ಕೆ ಸೇರಿದ ಆಸ್ಪತ್ರೆಯೂ ಇದೇ ರಸ್ತೆಯ ಮೇಲಿದೆ. ಈ ರಸ್ತೆಯೇ ಮುಂದೆ ಸಾತಾರೆ, ಕೊಲ್ಹಾಪುರ, ನಿಪ್ಪಾಣಿಗಳನ್ನು ದಾಟಿ ಬೆಳಗಾವಿಯನ್ನು ಸೇರುವುದರಿಂದ, ಗಡಿನಾಡಿನಿಂದ ಪುಣೆಗೆ ಬರುವ ಕನ್ನಡಿಗನಿಗೆ ನಗರವು ಮೊದಲು ಎದುರಾಗುವುದು ಧನಕವಡಿಯ ಬಳಿಯಲ್ಲಿ. ಅವರಲ್ಲಿ ಕೆಲವರು ಉದ್ಯೋಗಕ್ಕೆಂದು ಬರುತ್ತಾರೆ, ಕೆಲವರು ವಿದ್ಯೆಗೆಂದು, ಇನ್ನು ಕೆಲವರು ದೇಹವನ್ನು ವೈದ್ಯರ ಕೈಗೆ ಒಪ್ಪಿಸುವುದಕ್ಕೆಂದು.

ಹೀಗೆ ಶಸ್ತ್ರಕ್ರಿಯೆಗಾಗಿ ಆಸ್ಪತ್ರೆಗೆ ಸೇರುವ ಹೆಣ್ಣುಮಗಳನ್ನು, ಆಕೆಗೆ ಆಗಬೇಕಾದುದು ಪಿತ್ತಕೋಶದ ಶಸ್ತ್ರಕ್ರಿಯೆಯಿರಲಿ, ಮುರಿದ ಮೂಳೆಯದಿರಲಿ, ತಪ್ಪದೆ ಕೇಳುವ ಒಂದು ಪ್ರಶ್ನೆಯುಂಟು: ಕೊನೆಯ ಸಲ ಮುಟ್ಟಾದುದು ಯಾವಾಗ? ಪ್ರಶ್ನೆ ಸರಳ, ಉತ್ತರ ಹೊರಡುವುದು ಕಷ್ಟ. ಮರಾಠಿಯಲ್ಲಿ ಇದಕ್ಕೆ ‘ಪಾಳಿ’ ಎನ್ನುವರು, ‘ಹೊರಗೆ ಕೂಡುವುದು’ ಎನ್ನುವರು, ಮಕ್ಕಳ ಮುಂದಾದರೆ ‘ಕಾಗೆ ಮುಟ್ಟಿತು’ ಎನ್ನುವರು. ಕನ್ನಡದಲ್ಲಿಯೂ ಮುಟ್ಟು, ಹೊರಗಾಗುವುದು, ಕಡೆಯಾಗುವುದು ಎಂಬ ಮಾತುಗಳ ಜೊತೆಗೆ ಕಾಗೆಯ ಮಾತೂ ರೂಢಿಯಲ್ಲಿತ್ತು. ಎರಡು ಭಾಷೆಗಳೂ ವಿಷಯವನ್ನು ಹೇಳದೆ ಹೇಳುವ ಉಪಾಯವನ್ನು ಒಂದೇ ಬಗೆಯಲ್ಲಿ ಕಂಡುಕೊಂಡಿವೆ. ಹೇಳದೆ ಹೇಳುವ ಈ ಪದ್ಧತಿಯು ಮನೆಯೊಳಗೆ ನಡೆದೀತು. ಶಸ್ತ್ರವೈದ್ಯನ ಮುಂದೆ ನಡೆಯದು. ಮುಟ್ಟಿನ ಸಂಗತಿಯು ಆಸ್ಪತ್ರೆಯನ್ನು ಪ್ರವೇಶಿಸಿದ ಮೇಲೆ ಅದನ್ನು ಯಾರು ನಿರ್ವಹಿಸಿದರು, ಯಾವ ಸಾಧನದಿಂದ ನಿರ್ವಹಿಸಿದರು, ಯಾರ ಒಪ್ಪಿಗೆಯಿಂದ ನಿರ್ವಹಿಸಿದರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪುಣೆಯಲ್ಲಿಯೇ 1994ರಲ್ಲಿ ನಡೆದ ಒಂದು ಘಟನೆ ಈ ಪರಿಶೀಲನೆಯ ಕೇಂದ್ರದಲ್ಲಿದೆ.

ಮೊದಲು ಇಂದಿನ ವೈದ್ಯಶಾಸ್ತ್ರದ ನಿಲುವನ್ನು ಹೇಳಿಬಿಡುವುದು ಒಳ್ಳೆಯದು. ನಿಶ್ಚಯಿಸಿದ ದಿನವೇ ಮುಟ್ಟಾದರೆ ಶಸ್ತ್ರಕ್ರಿಯೆಯನ್ನು ಮುಂದೂಡಬೇಕೆ? ಬಹುತೇಕ ಶಸ್ತ್ರಕ್ರಿಯೆಗಳಲ್ಲಿ ಬೇಕಾಗಿಲ್ಲ. ಗರ್ಭಕೋಶದ ಒಳಭಾಗವನ್ನು ದರ್ಶಕದಿಂದ ನೋಡಬೇಕಾದಾಗ ಸ್ರಾವವು ನಿಂತ ಕೂಡಲೆ ಬರುವ ದಿನಗಳು ಅನುಕೂಲವೆಂದು ಎಣಿಸುತ್ತಾರೆ. ಸ್ರಾವ ಅತಿಯಾಗಿದ್ದು ರಕ್ತಹೀನತೆ ಇದ್ದರೆ ಅದನ್ನು ಮೊದಲು ಸರಿಪಡಿಸುತ್ತಾರೆ. ಮಿಕ್ಕಂತೆ ರೋಗಿಯು ಮಾಡಬೇಕಾದುದು ದಾದಿಗೆ ತಿಳಿಸುವುದಷ್ಟೆ. ದೇಹದ ಒಳಗೆ ಇಟ್ಟುಕೊಳ್ಳುವ ಹತ್ತಿಯ ಬತ್ತಿ, ರಬ್ಬರಿನ ಬಟ್ಟಲು ಮೊದಲಾದುವನ್ನು ತೆಗೆದು, ಹೊರಗೆ ಕಟ್ಟುವ ಪ್ಯಾಡನ್ನು ಉಪಯೋಗಿಸಬೇಕೆನ್ನುತ್ತಾರೆ. ಅರಿವಳಿಕೆಯಲ್ಲಿರುವವಳು ಎಷ್ಟು ಹೊತ್ತಿಗೆ ಎಚ್ಚರಗೊಂಡು ಅದನ್ನು ತಾನೇ ಬದಲಾಯಿಸುವಳೆಂದು ಹೇಳಲಾಗುವುದಿಲ್ಲ. ಬಹಳ ಹೊತ್ತು ಒಳಗುಳಿದ ಬತ್ತಿಯಿಂದ ಅಪರೂಪಕ್ಕೆ ಪ್ರಾಣಾಪಾಯವಾಗುವ ವಿಷಜ್ವರವೊಂದು ಬರುವುದೆಂದು 1980ರ ಸುಮಾರಿಗೆ ಅಮೆರಿಕದಲ್ಲಿ ಸ್ಪಷ್ಟವಾಗಿತ್ತು. ಎಚ್ಚರವಿಲ್ಲದ ಆ ಗಳಿಗೆಗಳಲ್ಲಿ ಪ್ಯಾಡನ್ನು ಬದಲಾಯಿಸಿ ಶುಚಿಗೊಳಿಸುವುದು ದಾದಿಯ ಕರ್ತವ್ಯ. ಒಂದು ಬಟ್ಟೆ, ಒಂದಿಷ್ಟು ನೀರು, ತಿಳಿದ ಎರಡು ಕೈ. ಇಷ್ಟರಿಂದ ಬಗೆಹರಿಯುವ ಸಂಗತಿಯಿದು.

ಹಿಂದಿನ ಕಾಲದಲ್ಲಿ ಇದು ಇಷ್ಟು ಸರಳವಾಗಿರಲಿಲ್ಲ. ಮುಟ್ಟಾದವಳು ಮೂರು ದಿನ ಹೊರಗೆ. ನಾಲ್ಕನೆಯ ದಿನ ಮೀಯಬೇಕು. ಆಕೆಯನ್ನು ಮುಟ್ಟಿದವರಿಗೂ ಮೈಲಿಗೆ. ಹನ್ನೆರಡನೆಯ ಶತಮಾನದ ಶಿವಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆದದ್ದು ಕನ್ನಡನಾಡಿನ ಹೆಮ್ಮೆಯ ಸಂಗತಿಯೇ ಸರಿ. ಆದರೂ ನಾಡಿನ ಬಹುಪಾಲು ಮನೆಗಳಲ್ಲಿ, ಆ ಶರಣರನ್ನು ಪೂಜಿಸುವ ಕೆಲವು ಮನೆಗಳಲ್ಲಿಯೂ, ಆಚರಣೆ ಬೇರೆಯಾಗಿಯೇ ಉಳಿಯಿತು. ಮುಟ್ಟಿನ ಬಟ್ಟೆ ಯಾರ ಕಣ್ಣಿಗೂ ಬೀಳಬಾರದು. ಅದನ್ನು ಹಿತ್ತಿಲಿನ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ, ಬಿಸಿಲು ತಾಗದ ಕಡೆ ಒಣಗಿಸುವುದು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಬಿಸಿಲಿನಿಂದಲೇ ಅದನ್ನು ಮರೆಮಾಡಿದಂತಾಯಿತು. ಇಂಥ ಹೆಣ್ಣು ಪರಪುರುಷನಾದ ವೈದ್ಯನೆದುರು ತನ್ನ ಒಡಲಿನ ಬೇನೆಯನ್ನು ಬಿಡಿಸಿ ಹೇಳುವುದೆಂತು?

ಈ ಪ್ರಶ್ನೆಯನ್ನು ಸರ್ಕಾರದೆದುರು ಮೊಟ್ಟಮೊದಲು ನೇರವಾಗಿ ಇಟ್ಟವರಲ್ಲಿ ಪಂಡಿತಾ ರಮಾಬಾಯಿಯವರು ಪ್ರಮುಖರು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಎಂದರೆ ಇಂದಿನ ಕರ್ನಾಟಕದ ನೆಲದಲ್ಲಿ, ಹುಟ್ಟಿದ ರಮಾಬಾಯಿಯವರು ಕನ್ನಡವನ್ನೂ ಬಲ್ಲವರಾಗಿದ್ದರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗವು ಪುಣೆಗೆ ಬಂದಾಗ ಅವರು ನೀಡಿದ ಸಾಕ್ಷ್ಯದಲ್ಲಿ, ಹೆಣ್ಣುಮಕ್ಕಳು ತಮ್ಮ ಕಾಯಿಲೆಯನ್ನು ಗಂಡಸರಿಗೆ ಹೇಳಲಾರರಾದುದರಿಂದ ಸ್ತ್ರೀವೈದ್ಯರು ಬೇಕೇ ಬೇಕೆಂದು ವಾದಿಸಿದರು. ಮೂರು ವರ್ಷಗಳ ಬಳಿಕ, 1885ರಲ್ಲಿ, ಭಾರತೀಯ ಸ್ತ್ರೀಯರಿಗೆ ಸ್ತ್ರೀಯರಿಂದಲೇ ವೈದ್ಯಸಹಾಯ ಒದಗಿಸುವ ಡಫರಿನ್ ನಿಧಿ ಏರ್ಪಟ್ಟಿತು. 1886ರಲ್ಲಿ ಪುಣೆಯ ನಂಟುಳ್ಳ ಆನಂದೀಬಾಯಿ ಜೋಶಿಯವರು ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ವೈದ್ಯ ಪದವಿ ಪಡೆದರು. ಅವರು ಅಲ್ಲಿ ಬರೆದ ಪ್ರಬಂಧವು ಹಿಂದೂಗಳ ಪ್ರಸೂತಿಶಾಸ್ತ್ರವನ್ನು ಕುರಿತದ್ದು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ಅವರನ್ನು ನೇಮಿಸಿದ್ದರೂ ಕ್ಷಯರೋಗದಿಂದ 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಆ ಆಸ್ಪತ್ರೆಯಲ್ಲಿ ಅವರ ಕೈಯಿಂದ ಔಷಧ ಪಡೆಯಬೇಕಾಗಿದ್ದವರಲ್ಲಿ ಗಡಿಭಾಗದ ಕನ್ನಡ ಹೆಣ್ಣುಮಕ್ಕಳೂ ಇರುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಆಸ್ಪತ್ರೆಯ ಕಟ್ಟಡಗಳು ಸ್ತ್ರೀವೈದ್ಯರಿಗಿಂತ ಮೊದಲೇ ಬಂದಿದ್ದವು. ಡೇವಿಡ್ ಸಸೂನರ ದಾನದಿಂದ ಕಟ್ಟಿದ ಸಸೂನ್ ಆಸ್ಪತ್ರೆ ಪುಣೆಯಲ್ಲಿ ಆರಂಭವಾದುದು 1867ರಲ್ಲಿ. ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರನು ಗಾಯಗಳಿಗೆ ಕಾರ್ಬಾಲಿಕ್ ಆಮ್ಲವನ್ನು ಬಳಸಿ ಕೀವಾಗದಂತೆ ತಡೆಯಬಹುದೆಂದು ಪ್ರಕಟಿಸಿದುದೂ ಅದೇ ವರ್ಷ. ಇಸವಿಯ ಈ ಹೊಂದಿಕೆ ಆಕಸ್ಮಿಕವಾದರೂ ಅರ್ಥವುಳ್ಳದ್ದು: ಸಸೂನಿನಂಥ ಆಸ್ಪತ್ರೆಗಳು ಶಸ್ತ್ರಕ್ರಿಯೆಯ ಮನೆಗಳಾಗಲು ಶುಚಿತ್ವದ ಈ ಹೊಸ ಕಲ್ಪನೆಯೇ ಕಾರಣ. ಗಡಿನಾಡಿನ ಮಟ್ಟಿಗೆ ಹೆಚ್ಚು ಹತ್ತಿರದ ಹೆಸರು ಮಿರಜೆಯದು. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯನು 1894ರಲ್ಲಿ ಅಲ್ಲಿ ತೆರೆದ ಆಸ್ಪತ್ರೆಗೆ ರೈಲುಮಾರ್ಗದ ಅನುಕೂಲದಿಂದ ಬೆಳಗಾವಿ, ವಿಜಾಪುರ ಸೀಮೆಗಳ ರೋಗಿಗಳು ಬರುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯನ್ನು ವೈದ್ಯಚರಿತ್ರೆಗಳು ಸಾಮಾನ್ಯವಾಗಿ ಹೇಳದೆ ಬಿಡುತ್ತವೆ. ಶಸ್ತ್ರವೈದ್ಯನಿಗೆ ಶುಚಿತ್ವವೆಂದರೆ ಸೂಕ್ಷ್ಮಜೀವಿಗಳಿಲ್ಲದಿರುವುದು. ರೋಗಿಯ ಮನೆಯವರಿಗೆ ಶುಚಿತ್ವವೆಂದರೆ ಮಡಿ. ಮಡಿಯವರು ಮುಟ್ಟಿದ ನೀರು ಕುದಿಸದಿದ್ದರೂ ಶುದ್ಧ, ಮುಟ್ಟಾದವಳು ಮುಟ್ಟಿದ ನೀರು ಕುದಿಸಿದರೂ ಅಶುದ್ಧ. ಒಂದೇ ಹಾಸಿಗೆಯ ಸುತ್ತ ಈ ಎರಡು ಶುಚಿತ್ವಗಳು ಎದುರುಬದುರಾಗಿ ನಿಂತಾಗ ನಡುವೆ ನಿಂತವಳು ದಾದಿ. ರಕ್ತವನ್ನು ಒರೆಸುವವಳು, ಬಟ್ಟೆಯನ್ನು ಬದಲಾಯಿಸುವವಳು, ಮೈಲಿಗೆಯೆಂಬುದನ್ನು ದಿನವಿಡೀ ಕೈಯಿಂದ ಮುಟ್ಟುವವಳು ಅವಳೇ. ಆದುದರಿಂದಲೇ ಮೇಲುಜಾತಿಯ ಹಿಂದೂ ಸ್ತ್ರೀಯರು ಈ ವೃತ್ತಿಗೆ ಬರುವುದು ಬಹುಕಾಲ ಅಸಾಧ್ಯವೆನಿಸಿತ್ತು. 1909ರಲ್ಲಿ ಸ್ಥಾಪಿತವಾದ ಪುಣೆಯ ಸೇವಾಸದನದ ಮೂಲಕ ರಮಾಬಾಯಿ ರಾನಡೆಯವರು ವಿಧವೆಯರನ್ನೂ ಇತರ ಸ್ತ್ರೀಯರನ್ನೂ ದಾದಿಯರ ಶಿಕ್ಷಣಕ್ಕೆ ಅಣಿಗೊಳಿಸಿ ಸಸೂನ್ ಆಸ್ಪತ್ರೆಯೊಡನೆ ಸಂಬಂಧ ಕಲ್ಪಿಸಿದುದು, ನನ್ನ ಅಭಿಪ್ರಾಯದಲ್ಲಿ, ಆ ಕಾಲದ ಹಲವು ಸುಧಾರಣಾ ಭಾಷಣಗಳಿಗಿಂತ ದೊಡ್ಡ ಕೆಲಸ. ಮನೆಯ ಶುಭಕಾರ್ಯಗಳಿಂದ ದೂರವಿಟ್ಟ ವಿಧವೆಯು ಆಸ್ಪತ್ರೆಯಲ್ಲಿ ಶುಚಿತ್ವದ ಅಧಿಕಾರಿಣಿಯಾದಳು.

ದಾದಿಯರ ಕೈಯಲ್ಲಿದ್ದ ಗಾಯದ ಪಟ್ಟಿಯಿಂದಲೇ ಇಂದಿನ ಪ್ಯಾಡು ಹುಟ್ಟಿತೆಂಬುದು ಅನೇಕರಿಗೆ ತಿಳಿಯದ ಸಂಗತಿ. ಲಿಸ್ಟರನ ಮತವು ಹರಡಿದ ಮೇಲೆ ಆಸ್ಪತ್ರೆಗಳಿಗಾಗಿ ಶುದ್ಧೀಕರಿಸಿದ ಹತ್ತಿಯನ್ನೂ ಜಾಳಿಗೆಬಟ್ಟೆಯನ್ನೂ ತಯಾರಿಸುವ ಕಾರ್ಖಾನೆಗಳು ಎದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಂಥದೇ ಒಂದು ಅಮೆರಿಕನ್ ಕಂಪೆನಿ, ಜಾನ್ಸನ್ ಅಂಡ್ ಜಾನ್ಸನ್, ಮುಟ್ಟಿನ ದಿನಗಳಿಗಾಗಿ ಮಾರಿದ ಬಟ್ಟೆಗೆ ಲಿಸ್ಟರನ ಹೆಸರನ್ನೇ ಇಟ್ಟಿತು. ಮೊದಲನೆಯ ಮಹಾಯುದ್ಧದಲ್ಲಿ ಹತ್ತಿಯ ಅಭಾವದಿಂದ ಮರದ ತಿರುಳಿನಿಂದ ಮಾಡಿದ ಹೀರುಬಟ್ಟೆಯನ್ನು ಗಾಯಗಳಿಗೆ ಬಳಸತೊಡಗಿದರು. ಯುದ್ಧರಂಗದ ದಾದಿಯರು ಅದನ್ನು ತಮ್ಮ ಮುಟ್ಟಿನ ಬಟ್ಟೆಯನ್ನಾಗಿಯೂ ಉಪಯೋಗಿಸಿಕೊಂಡರು. ಯುದ್ಧ ಮುಗಿದ ಮೇಲೆ ಉಳಿದ ಸರಕನ್ನು ಏನು ಮಾಡಬೇಕೆಂದು ಯೋಚಿಸುತ್ತಿದ್ದ ಕಂಪೆನಿಗೆ ದಾರಿ ತೋರಿದುದು ಆ ದಾದಿಯರ ಯುಕ್ತಿಯೇ. 1920ರಲ್ಲಿ ಕೋಟೆಕ್ಸ್ ಎಂಬ ಪ್ಯಾಡು ಪೇಟೆಗೆ ಬಂತು. ಹೀಗೆ ಶಸ್ತ್ರಕ್ರಿಯೆಯ ಕೋಣೆಯು ಹೆಣ್ಣಿಗೆ ಒಂದು ಒಳ್ಳೆಯ ಕಾಣಿಕೆಯನ್ನು ಕೊಟ್ಟಿದೆ. ಅದರ ಆವಿಷ್ಕಾರದ ಶ್ರೇಯಸ್ಸು ಶಸ್ತ್ರವೈದ್ಯರಿಗಿಂತ ದಾದಿಯರಿಗೇ ಸಲ್ಲಬೇಕು.

ಶಸ್ತ್ರವೈದ್ಯರು ಇದೇ ಕಾಲದಲ್ಲಿ ಬೇರೊಂದು ದಾರಿ ಹಿಡಿದಿದ್ದರು. 1872ರಲ್ಲಿ ಅಮೆರಿಕದ ಜಾರ್ಜಿಯ ಪ್ರಾಂತದ ರಾಬರ್ಟ್ ಬ್ಯಾಟಿ ಎಂಬ ವೈದ್ಯನು ರೋಗವಿಲ್ಲದ ಅಂಡಾಶಯಗಳನ್ನು ಕತ್ತರಿಸಿ ತೆಗೆದು, ಮುಟ್ಟನ್ನು ನಿಲ್ಲಿಸಿಬಿಟ್ಟರೆ ಹೆಣ್ಣಿನ ನರಗಳ ಬಾಧೆಯೂ ಚಿತ್ತದ ವಿಕಾರವೂ ಶಮನವಾಗುವುದೆಂದು ಸಾರಿದನು. ಯೂರೋಪು ಅಮೆರಿಕಗಳಲ್ಲಿ ಹಲವರು ಅವನನ್ನು ಅನುಸರಿಸಿದರು. ಹುಚ್ಚಾಸ್ಪತ್ರೆಯ ಸ್ತ್ರೀಯರ ಮೇಲೂ ಈ ಶಸ್ತ್ರಕ್ರಿಯೆ ನಡೆಯಿತು. ಶತಮಾನ ಮುಗಿಯುವುದರೊಳಗೆ ವೈದ್ಯಲೋಕವೇ ಅದನ್ನು ತಳ್ಳಿಹಾಕಿತು. ಚಿತ್ತಕ್ಕೂ ಅಂಡಾಶಯಕ್ಕೂ ಕಲ್ಪಿಸಿದ ಸಂಬಂಧ ಸುಳ್ಳೆಂದು ಸಿದ್ಧವಾಯಿತು. ಆದರೆ ಮುಟ್ಟು ತೊಡಕಾದರೆ ಮುಟ್ಟಾಗುವ ಅಂಗವನ್ನೇ ತೆಗೆದುಬಿಡಬಹುದೆಂಬ ಆಲೋಚನೆ ಸಾಯಲಿಲ್ಲ. ಗರ್ಭಕೋಶವನ್ನು ತೆಗೆಯುವ ಶಸ್ತ್ರಕ್ರಿಯೆಯು ಇಪ್ಪತ್ತನೆಯ ಶತಮಾನದಲ್ಲಿ ಸುರಕ್ಷಿತವಾದಂತೆಲ್ಲ ಆ ಆಲೋಚನೆಗೆ ಹೊಸ ಬಲ ಬಂತು.

ಇನ್ನು ಪುಣೆಯ ಘಟನೆ. ಪುಣೆ ಜಿಲ್ಲೆಯ ಶಿರೂರಿನಲ್ಲಿ ಬುದ್ಧಿಮಾಂದ್ಯರೆನಿಸಿದ ಹೆಣ್ಣುಮಕ್ಕಳಿಗಾಗಿ ಸರ್ಕಾರವು ನಡೆಸುತ್ತಿದ್ದ ವಸತಿಗೃಹವಿತ್ತು. 1994ರ ಫೆಬ್ರುವರಿಯಲ್ಲಿ ಅಲ್ಲಿಯ ನಿವಾಸಿಗಳನ್ನು ಸಸೂನ್ ಆಸ್ಪತ್ರೆಗೆ ಕರೆತಂದು ಅವರಲ್ಲಿ ಹನ್ನೊಂದು ಮಂದಿಯ ಗರ್ಭಕೋಶಗಳನ್ನು ತೆಗೆಯಲಾಯಿತು. ಅವರಿಗೆ ಗರ್ಭಕೋಶದ ರೋಗವೇನೂ ಇರಲಿಲ್ಲ. ಮುಟ್ಟಿನ ದಿನಗಳಲ್ಲಿ ತಮ್ಮ ಶುಚಿತ್ವವನ್ನು ತಾವು ನೋಡಿಕೊಳ್ಳಲಾರರು ಎಂಬುದೇ ಕೊಟ್ಟ ಕಾರಣ. ಶಸ್ತ್ರಕ್ರಿಯೆಗೆ ಇನ್ನೂ ಕೆಲವರ ಸರದಿ ಬಾಕಿಯಿತ್ತು. ಸುದ್ದಿ ಹೊರಬಿದ್ದೊಡನೆ ಪುಣೆ ಮುಂಬಯಿಗಳ ಸ್ತ್ರೀಸಂಘಟನೆಗಳೂ ಆರೋಗ್ಯ ಕಾರ್ಯಕರ್ತರೂ ಪ್ರತಿಭಟಿಸಿದರು. ಮುಖ್ಯಮಂತ್ರಿಗಳು ಮಧ್ಯೆ ಪ್ರವೇಶಿಸಿ ಉಳಿದ ಶಸ್ತ್ರಕ್ರಿಯೆಗಳನ್ನು ತಡೆದರು.

ಇದನ್ನು ನಡೆಸಿದವರನ್ನು ರಾಕ್ಷಸರೆಂದು ಚಿತ್ರಿಸುವುದು ಸುಲಭ. ಅದರಿಂದ ಚರಿತ್ರೆಗೆ ಪ್ರಯೋಜನವಿಲ್ಲ. ಅವರ ವಾದವನ್ನು ನ್ಯಾಯವಾಗಿ ಇಡೋಣ. ಆ ಹೆಣ್ಣುಮಕ್ಕಳಲ್ಲಿ ಕೆಲವರು ಮುಟ್ಟಿನ ಬಟ್ಟೆಯನ್ನು ಕಿತ್ತೆಸೆಯುವರು, ರಕ್ತವನ್ನು ಮೈಗೂ ಗೋಡೆಗೂ ಬಳಿದುಕೊಳ್ಳುವರು. ನೋಡಿಕೊಳ್ಳುವ ಸಿಬ್ಬಂದಿ ಕಡಮೆ. ಅವರು ಮಕ್ಕಳನ್ನು ಹೆರುವವರಲ್ಲವಾದುದರಿಂದ ಗರ್ಭಕೋಶದಿಂದ ಅವರಿಗೆ ಉಪಯೋಗವಿಲ್ಲ. ನುರಿತ ಕೈಯಲ್ಲಿ ಈ ಶಸ್ತ್ರಕ್ರಿಯೆ ಅಪಾಯಕರವಲ್ಲ. ಅನುಕೂಲವಂತರಾದ ಎಷ್ಟೋ ತಾಯ್ತಂದೆಯರು ಇಂಥ ಮಗಳಿಗೆ ಇದನ್ನೇ ಸದ್ದಿಲ್ಲದೆ ಮಾಡಿಸುತ್ತಾರೆ, ಅನಾಥರಿಗೆ ಸರ್ಕಾರವೇ ತಾಯ್ತಂದೆ. ಈ ವಾದದಲ್ಲಿ ಒಂದು ನಿಜವಾದ ಸಂಕಟವಿದೆ. ಬುದ್ಧಿ ಬೆಳೆಯದ ಮಗಳು ಮೈನೆರೆದಾಗ ತಾಯಿಯ ಎದೆಯಲ್ಲಿ ಏಳುವ ದಿಗಿಲನ್ನು ಅಲ್ಲಗಳೆಯುವವರು ಅಂಥ ಮಗುವನ್ನು ಸಾಕಿದವರಲ್ಲ. ತಾನು ಸತ್ತ ಮೇಲೆ ಇವಳ ಬಟ್ಟೆಯನ್ನು ಯಾರು ಒಗೆದಾರು ಎಂಬುದು ಆ ತಾಯಿಯ ಪ್ರಶ್ನೆ.

ಆದರೆ ಸರ್ಕಾರವು ತಾಯಿಯ ಸ್ಥಾನದಲ್ಲಿ ನಿಂತಾಗ ತಾಯಿಯ ಕೆಲಸವನ್ನೂ ಮಾಡಬೇಕಾಗುತ್ತದೆ. ವಸತಿಗೃಹದ ಸ್ಥಿತಿಯ ಬಗೆಗೆ ಆಗಿನ ಬರವಣಿಗೆಗಳಲ್ಲಿ ದಾಖಲಾಗಿರುವ ಒಂದು ವಿವರ ನನ್ನನ್ನು ಬಹಳವಾಗಿ ಕಾಡಿದೆ. ಅಲ್ಲಿಯ ಹೆಣ್ಣುಮಕ್ಕಳಿಗೆ ಲಾಡಿಯಿರುವ ಉಡುಪನ್ನೂ ಸೊಂಟಪಟ್ಟಿಯಿರುವ ಮುಟ್ಟಿನ ಬಟ್ಟೆಯನ್ನೂ ಕೊಡುತ್ತಿರಲಿಲ್ಲವಂತೆ. ಲಾಡಿಯಿಂದ ನೇಣು ಹಾಕಿಕೊಂಡಾರೆಂಬ ಭಯ. ಲಾಡಿಯಿಲ್ಲದೆ ಬಟ್ಟೆ ನಿಲ್ಲದು, ಬಟ್ಟೆ ನಿಲ್ಲದೆ ಶುಚಿತ್ವವಿಲ್ಲ, ಶುಚಿತ್ವವಿಲ್ಲವೆಂದು ಗರ್ಭಕೋಶಕ್ಕೆ ಶಸ್ತ್ರ. ಒಂದು ಗೇಣು ರಬ್ಬರು ದಾರದಿಂದ ಬಗೆಹರಿಯಬಹುದಾಗಿದ್ದ ಕಾರ್ಯಕ್ಕೆ ಸರ್ಕಾರವು ಶಸ್ತ್ರಕ್ರಿಯೆಯ ಶಿಬಿರವನ್ನು ಏರ್ಪಡಿಸಿತು! ಕಾಣಿಸುವ ಖರ್ಚು ಮಾತ್ರ ಲೆಕ್ಕಕ್ಕೆ ಬರುತ್ತದೆಂಬುದಕ್ಕೆ ಇದೂ ಒಂದು ನಿದರ್ಶನ. ಶಿಬಿರವೆಂದರೆ ಒಂದು ದಿನದ ವೆಚ್ಚ. ದಾದಿಯೆಂದರೆ ತಿಂಗಳು ತಿಂಗಳಿಗೂ ಸಂಬಳ.

ಅಂದು ಪ್ರತಿಭಟಿಸಿದವರು ಎತ್ತಿದ ಆಕ್ಷೇಪಗಳಲ್ಲಿ ಎರಡು ಇಂದಿಗೂ ಉತ್ತರ ಕಾಣದವು. ತಿಂಗಳಿಗೆ ನಾಲ್ಕೈದು ದಿನದ ಸ್ರಾವವನ್ನು ನಿಭಾಯಿಸಲಾರದವರು ದಿನನಿತ್ಯದ ಮಲಮೂತ್ರಗಳನ್ನು ನಿಭಾಯಿಸಬಲ್ಲರೆ? ಅದಕ್ಕೆ ಹೇಗೂ ಸಹಾಯಕರು ಬೇಕು. ಹಾಗಾದರೆ ಗರ್ಭಕೋಶವನ್ನು ತೆಗೆದುದರಿಂದ ಉಳಿದುದೇನು? ಎರಡನೆಯದು ಇದಕ್ಕಿಂತ ಕಠೋರವಾದುದು. ರಕ್ಷಣೆಯಿಲ್ಲದ ವಸತಿಗೃಹದಲ್ಲಿ ಇಂಥ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆದರೆ ಅದನ್ನು ಹೊರಗೆಡಹುವ ಒಂದೇ ಸಾಕ್ಷಿ ಅನೇಕ ವೇಳೆ ಗರ್ಭ. ಗರ್ಭಕೋಶವನ್ನು ತೆಗೆದರೆ ಅತ್ಯಾಚಾರ ನಿಲ್ಲುವುದಿಲ್ಲ, ಅದರ ಗುರುತು ಮಾತ್ರ ಅಳಿಯುತ್ತದೆ.

ಈ ಪ್ರಶ್ನೆ ಪುಣೆಯಲ್ಲಿ ಮಾತ್ರ ಎದ್ದುದಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1987ರಲ್ಲಿ, ಬುದ್ಧಿಮಾಂದ್ಯಳಾದ ಹದಿನೇಳು ವರ್ಷದ ಹುಡುಗಿಯೊಬ್ಬಳಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಲು ಅನುಮತಿ ಕೊಟ್ಟಿತ್ತು. ಅದಕ್ಕೆ ಹಿಂದಿನ ವರ್ಷವೇ, 1986ರಲ್ಲಿ, ಕೆನಡದ ಸರ್ವೋಚ್ಚ ನ್ಯಾಯಾಲಯವು ‘ಈವ್’ ಎಂಬ ಮರೆಹೆಸರಿನ ಹೆಣ್ಣಿನ ಪ್ರಕರಣದಲ್ಲಿ ಇದಕ್ಕೆ ತೀರ ವಿರುದ್ಧವಾದ ತೀರ್ಪು ಕೊಟ್ಟಿತು: ರೋಗದ ಚಿಕಿತ್ಸೆಗಲ್ಲದೆ ಇಂಥ ಶಸ್ತ್ರಕ್ರಿಯೆಯನ್ನು ಬೇರೆ ಯಾರ ಒಪ್ಪಿಗೆಯಿಂದಲೂ ನಡೆಸತಕ್ಕದ್ದಲ್ಲ. ಮುಟ್ಟಿನ ಶುಚಿತ್ವದ ವಾದವನ್ನೂ ಆ ನ್ಯಾಯಾಲಯ ಪರಿಶೀಲಿಸಿ, ಮೇಲೆ ಹೇಳಿದ ಮಲಮೂತ್ರಗಳ ತರ್ಕದಿಂದಲೇ ಅದರ ಬಲವನ್ನು ತಗ್ಗಿಸಿತು. 1992ರಲ್ಲಿ ಆಸ್ಟ್ರೇಲಿಯದ ಹೈಕೋರ್ಟು ‘ಮೇರಿಯನ್’ ಎಂಬ ಮರೆಹೆಸರಿನ, ಹದಿನಾಲ್ಕು ವರ್ಷದ ಹುಡುಗಿಯ ವಿಷಯದಲ್ಲಿ, ತಾಯ್ತಂದೆಯರ ಒಪ್ಪಿಗೆಯೊಂದೇ ಸಾಲದು, ನ್ಯಾಯಾಲಯದ ಅನುಮತಿ ಬೇಕೆಂದು ವಿಧಿಸಿತು. ಆ ಹುಡುಗಿಯ ವಿಷಯದಲ್ಲಿಯೂ ಮುಟ್ಟನ್ನು ತಡೆಯುವುದೇ ಶಸ್ತ್ರಕ್ರಿಯೆಯ ಒಂದು ಉದ್ದೇಶವಾಗಿತ್ತು. ಪುಣೆಯ ಶಸ್ತ್ರಕ್ರಿಯೆಗಳು ನಡೆದುದು ಇದಾದ ಎರಡೇ ವರ್ಷಗಳಿಗೆ. ಇಲ್ಲಿ ಯಾವ ನ್ಯಾಯಾಲಯವನ್ನೂ ಮುಂಚಿತವಾಗಿ ಕೇಳಿರಲಿಲ್ಲ.

ಶಿರೂರಿನ ಹೆಣ್ಣುಮಕ್ಕಳು ಮಾತನಾಡಿ ತಮ್ಮ ಇಚ್ಛೆಯನ್ನು ತಿಳಿಸಲಾರರೆಂಬ ನೆಪವಾದರೂ ಅಲ್ಲಿತ್ತು. ಮಾತು ಬಲ್ಲ, ಬುದ್ಧಿ ಚುರುಕಾಗಿರುವ ಹೆಣ್ಣುಮಕ್ಕಳ ಗತಿಯೇನಾಯಿತೆಂಬುದನ್ನು ನಮ್ಮ ಕಲಬುರಗಿಯ ಕಥೆ ಹೇಳುತ್ತದೆ. ಬಿಳಿಸೆರಗು, ಕಿಬ್ಬೊಟ್ಟೆಯ ನೋವು, ಅತಿಯಾದ ಮುಟ್ಟು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ನೂರಾರು ಹೆಣ್ಣುಮಕ್ಕಳಿಗೆ, ಕ್ಯಾನ್ಸರ್ ಆದೀತೆಂಬ ಭಯ ಹುಟ್ಟಿಸಿ ಗರ್ಭಕೋಶ ತೆಗೆದ ಸಂಗತಿ 2015ರ ಹೊತ್ತಿಗೆ ಬೆಳಕಿಗೆ ಬಂತು. ಕರ್ನಾಟಕ ಜನಾರೋಗ್ಯ ಚಳವಳಿಯ ಕಾರ್ಯಕರ್ತರು ಇದನ್ನು ಹೊರತರುವುದರಲ್ಲಿ ಮುಂದಾಗಿದ್ದರು. ಆ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ನಲವತ್ತು ಕೂಡ ಆಗಿರಲಿಲ್ಲ. 2017ರ ಫೆಬ್ರುವರಿಯಲ್ಲಿ ಅವರು ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಬಂದು ಕುಳಿತು ನ್ಯಾಯ ಕೇಳಿದರು. ಮುಟ್ಟಿನ ಮಾತನ್ನು ಕಾಗೆಯ ಮರೆಯಲ್ಲಿ ಆಡುತ್ತಿದ್ದ ನಾಡಿನಲ್ಲಿ ಹೆಣ್ಣುಮಕ್ಕಳು ಬೀದಿಯಲ್ಲಿ ಕುಳಿತು ಗರ್ಭಕೋಶದ ಲೆಕ್ಕ ಕೇಳಿದುದು ಸಾಮಾನ್ಯ ಸಂಗತಿಯಲ್ಲ.

ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವವರ ಕಥೆ ಇದಕ್ಕೆ ಜೋಡಿ. ಗಂಡಹೆಂಡಿರ ಜೊತೆಯನ್ನು ಒಂದು ‘ಕೋಯ್ತಾ’ ಎಂದು, ಕಬ್ಬು ಕಡಿಯುವ ಕತ್ತಿಯ ಹೆಸರಿನಿಂದಲೇ, ಗುತ್ತಿಗೆದಾರರು ಎಣಿಸುತ್ತಾರೆ. ಈ ಜೋಡಿಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ ಸೀಮೆಗೂ ವರ್ಷವರ್ಷ ಬರುತ್ತವೆ. ಒಂದು ದಿನದ ಕೆಲಸ ತಪ್ಪಿದರೆ ದಂಡ; ಹೊಲದಂಚಿನ ಗುಡಿಸಲಲ್ಲಿ ನೀರಿಲ್ಲ, ಬಚ್ಚಲಿಲ್ಲ, ಬಟ್ಟೆ ಒಣಗಿಸಲು ಮರೆಯಿಲ್ಲ. ಮುಟ್ಟೆಂಬುದೇ ಇಲ್ಲದಿದ್ದರೆ ಲೇಸೆಂದು ಹೆಣ್ಣುಮಕ್ಕಳಿಗೆ ಅನಿಸಿದರೆ ಆಶ್ಚರ್ಯವೇನು? 2019ರಲ್ಲಿ ಸರ್ಕಾರ ನೇಮಿಸಿದ ಸಮಿತಿಯ ಸಮೀಕ್ಷೆಯಂತೆ 82,309 ಮಂದಿ ಕೂಲಿಹೆಂಗಸರಲ್ಲಿ 13,861 ಮಂದಿಗೆ ಗರ್ಭಕೋಶವಿರಲಿಲ್ಲ, ಎಂದರೆ ಆರರಲ್ಲಿ ಒಬ್ಬಳಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನವರಲ್ಲಿ ದೇಶಕ್ಕೆಲ್ಲ ಕಂಡುಕೊಂಡ ಪ್ರಮಾಣ ನೂರಕ್ಕೆ ಸುಮಾರು ಮೂವರು. ಅಂಡಾಶಯಗಳನ್ನೂ ಒಟ್ಟಿಗೆ ತೆಗೆದಿದ್ದರೆ ಮೂವತ್ತರ ಹರೆಯದಲ್ಲಿಯೇ ಮುಪ್ಪಿನ ಲಕ್ಷಣಗಳು ಮೂಡುತ್ತವೆ, ಮೂಳೆ ಸವೆಯುತ್ತದೆ. ಕಬ್ಬಿನ ಹೊರೆ ಹೊರುವವಳಿಗೆ ಮೂಳೆಯೇ ಬಂಡವಾಳ. ಶಿರೂರಿನಲ್ಲಿ ದಾದಿಯ ಅಭಾವವನ್ನು ಶಸ್ತ್ರದಿಂದ ತುಂಬಿದರು, ಬೀಡದಲ್ಲಿ ಬಚ್ಚಲಿನ ಅಭಾವವನ್ನು. ಇಲ್ಲಿ ಒಪ್ಪಿಗೆಯ ಕಾಗದದ ಮೇಲೆ ಹೆಬ್ಬೆಟ್ಟಿನ ಗುರುತು ಇದ್ದೀತು. ಬೇರೆ ದಾರಿಯಿಲ್ಲದವಳ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯುವುದು ಕಾನೂನಿಗೆ ಸಾಧ್ಯವಾದೀತು, ಚರಿತ್ರಕಾರನಿಗೆ ಸಾಧ್ಯವಿಲ್ಲ.

ಕಾನೂನು ನಿಧಾನವಾಗಿ ನಡೆದು ಬಂದಿದೆ. ಶಿರೂರಿನ ಘಟನೆಯ ಮರುವರ್ಷವೇ, 1995ರಲ್ಲಿ, ಸಂಸತ್ತು ಮಾಡಿದ ಅಂಗವಿಕಲರ ಕಾಯಿದೆಯಲ್ಲಿ ಈ ವಿಷಯದ ಪ್ರಸ್ತಾಪವೇ ಇರಲಿಲ್ಲ. 2007ರಲ್ಲಿ ಭಾರತವು ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯು ಅಂಗವಿಕಲರಿಗೆ ತಮ್ಮ ಸಂತಾನಶಕ್ತಿಯನ್ನು ಉಳಿಸಿಕೊಳ್ಳುವ ಹಕ್ಕನ್ನು ಇತರರಿಗೆ ಸಮನಾಗಿ ಕೊಟ್ಟಿತು. 2009ರಲ್ಲಿ ಚಂಡೀಗಢದ ಸರ್ಕಾರಿ ವಸತಿಗೃಹವೊಂದರಲ್ಲಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ, ಬೌದ್ಧಿಕ ನ್ಯೂನತೆಯುಳ್ಳ ಹೆಣ್ಣುಮಗಳು ಮಗು ತನಗೆ ಬೇಕೆಂದಾಗ, ಆಕೆಯ ಮಾತನ್ನು ಮನ್ನಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಹತ್ತನೆಯ ಕಲಮು, ತಿಳಿದು ಸ್ವತಂತ್ರವಾಗಿ ಕೊಟ್ಟ ಒಪ್ಪಿಗೆಯಿಲ್ಲದೆ ಬಂಜೆತನಕ್ಕೆ ಕಾರಣವಾಗುವ ಯಾವ ವೈದ್ಯಕ್ರಿಯೆಗೂ ಅಂಗವಿಕಲರನ್ನು ಗುರಿಪಡಿಸಕೂಡದೆಂದು ವಿಧಿಸಿತು. ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರವು ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಆದೇಶಿಸಿದುದು 2023ರ ಏಪ್ರಿಲಿನಲ್ಲಿ.

ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ತೋರುವುದು 2017ರ ಮಾನಸಿಕ ಆರೋಗ್ಯ ಕಾಯಿದೆಯ ಇಪ್ಪತ್ತನೆಯ ಕಲಮಿನಲ್ಲಿರುವ ಒಂದು ಚಿಕ್ಕ ವಾಕ್ಯ. ಮಾನಸಿಕ ಚಿಕಿತ್ಸಾಲಯಗಳಲ್ಲಿರುವ ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಬೇಕಾಗುವ ಸಾಮಗ್ರಿಗಳನ್ನು ಒದಗಿಸುವುದು ಅದರ ಪ್ರಕಾರ ಸಂಸ್ಥೆಯ ಕರ್ತವ್ಯ. ಹೆಣ್ಣುಮಕ್ಕಳಿಗೆ ಅದು ಹಕ್ಕು. ಹಿತ್ತಿಲಿನ ಮೂಲೆಯಲ್ಲಿ ಬಚ್ಚಿಟ್ಟಿದ್ದ ಬಟ್ಟೆ ಕೊನೆಗೆ ಕಾನೂನಿನ ಪುಸ್ತಕವನ್ನು ಸೇರಿತು. ಆದರೆ ಅದೇ ಕಾಯಿದೆಯು ಮಾನಸಿಕ ರೋಗವೆಂದರೆ ಏನೆಂದು ನಿರೂಪಿಸುವಾಗ ಬುದ್ಧಿಮಾಂದ್ಯವನ್ನು ಅದರಿಂದ ಹೊರಗಿಟ್ಟಿದೆ. ಆದುದರಿಂದ ಆ ವಾಕ್ಯವು ಶಿರೂರಿನಂಥ ವಸತಿಗೃಹಗಳಲ್ಲಿರುವವರಿಗೆ, ಅಕ್ಷರಶಃ ಓದಿದರೆ, ಅನ್ವಯಿಸುವುದಿಲ್ಲ. ಅವರ ಗರ್ಭಕೋಶವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಬಾರದೆಂದು ಒಂದು ಕಾಯಿದೆ ಹೇಳುತ್ತದೆ. ಅವರಿಗೆ ಮುಟ್ಟಿನ ಬಟ್ಟೆಯನ್ನು ಕೊಡಲೇಬೇಕೆಂದು ಅಷ್ಟೇ ಸ್ಪಷ್ಟವಾಗಿ ಹೇಳುವ ವಾಕ್ಯ ಇನ್ನೊಂದು ಕಾಯಿದೆಯಲ್ಲಿ, ಇನ್ನೊಬ್ಬರ ಹೆಸರಿನಲ್ಲಿದೆ.